ಟಾರ್ಗೆಟ್ ಜಾಸ್ತಿ ಮಾಡಿ ಅಂದ ಹುಡುಗಿಯರು

ಟಾರ್ಗೆಟ್ ಕಡಿಮೆ ಮಾಡಿ ಅಂತ ಗಲಾಟೆ ಮಾಡಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರ ಜೊತೆ ಗೇಟಿನ ಹತ್ತಿರ ನಿಂತು ನಾನೂ ಕೂಗಿದ್ದೇನೆ. ಟಾರ್ಗೆಟ್ ಜಾಸ್ತಿ ಮಾಡಿ ಅಂತ ಹಟ ಹಿಡಿದು ಕೂತವರನ್ನು ನೋಡಿದ್ದು ಮಾತ್ರ ಒಂದು ಸಿನಿಮಾದಲ್ಲಿ. ಜಪಾನಿನ ಡೈರೆಕ್ಟರ್ ಅಕಿರಾ ಕುರೊಸಾವಾ ಎರಡನೇ ಮಹಾಯುದ್ಧದ ನಡುವೆ, 1944ರಲ್ಲಿ ತೆಗೆದ 'ಇಚಿಬಾನ್ ಉತ್ಸುಕುಶಿಕು'. 'ಅತ್ಯಂತ ಸುಂದರ' ಅಂತ ಅರ್ಥ. ಅವನ ಎರಡನೇ ಸಿನಿಮಾ ಇದು. ಅವನದೇ 'ಸೆವೆನ್ ಸಮುರಾಯ್' ನೋಡಿದವರು ನೂರು ಜನ ಸಿಕ್ಕಾರು, ಇದನ್ನು ನೋಡಿದವರು ಒಬ್ಬರು ಸಿಗುವುದೂ ಕಷ್ಟ.

ನನ್ನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಸಿನಿಮಾ ನನ್ನನ್ನು ಯಾಕೆ ಇಷ್ಟು ಕಾಡಿತು ಅಂತ ಗೊತ್ತಾಗುವುದಿಲ್ಲ. ನಾನು ಬೆಂಗಳೂರಿನ ಒಂದು ಕೈಗಡಿಯಾರದ ಕಾರ್ಖಾನೆಯಲ್ಲಿ ಅಸೆಂಬ್ಲಿ ಲೈನಿನಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಕಣ್ಣಿಗೆ ಐ ಗ್ಲಾಸ್ ಅನ್ನುವ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ಸಾಸಿವೆ ಕಾಳಿಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುತ್ತಿದ್ದೆವು. ನಮ್ಮ ಲೈನಿನಲ್ಲಿ ಹೆಂಗಸರೇ ಜಾಸ್ತಿ. ಕುರೊಸಾವಾನ ಹುಡುಗಿಯರು ಲೆನ್ಸ್ ಕಾರ್ಖಾನೆಯವರು. ಬಂದೂಕು, ವಿಮಾನಗಳಿಗೆ ಗುರಿ ನೋಡುವ ಲೆನ್ಸ್ ಮಾಡುವವರು. ನಮ್ಮದು ಗಡಿಯಾರ, ಅವರದ್ದು ಯುದ್ಧದ ಸಾಮಾನು. ಆದರೆ ಬಗ್ಗಿದ ಬೆನ್ನು, ಇಳಿದ ಭುಜ, ಕಣ್ಣಿನ ಮೇಲೆ ಬೀಳುವ ದೀಪ, ಅದೆಲ್ಲ ಒಂದೇ.

ನನ್ನ ಜೊತೆ ಅದೇ ಲೈನಿನಲ್ಲಿ ಕೂತಿದ್ದ ಗೆಳತಿಯೊಬ್ಬಳು ಈಗ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾಳೆ. ಅವಳನ್ನೂ ಕರೆದು ಕೂರಿಸಿಕೊಂಡು ನೋಡಿದೆ. ಸಬ್‌ಟೈಟಲ್ ಓದುವುದು ಅವಳಿಗೆ ಬೇಜಾರು. ಹಾಗಾಗಿ ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಕಾಮೆಂಟ್ ಮಾಡುತ್ತಾ ಹೋದಳು.

ಸಿನಿಮಾ ಶುರುವಾಗುವುದೇ ಲೌಡ್‌ಸ್ಪೀಕರಿನಿಂದ. ಕಾರ್ಖಾನೆಯ ಮುಖ್ಯಸ್ಥ ಮೈಕಿನ ಮುಂದೆ ನಿಂತು ಭಾಷಣ ಮಾಡುತ್ತಾನೆ. ಈ ಪಾತ್ರ ಮಾಡಿದವನು ತಕಾಶಿ ಶಿಮುರಾ, ಮುಂದೆ 'ಇಕಿರು' ಸಿನಿಮಾದಲ್ಲಿ ಸಾವಿಗೆ ಕಾಯುವ ಗುಮಾಸ್ತನಾದನಲ್ಲ, ಅವನೇ. ಹೊರಗೆ ಕೆಲಸಗಾರರು ಸಾಲಾಗಿ ನಿಂತು ಕೇಳುತ್ತಿರುತ್ತಾರೆ. ಯುದ್ಧಕ್ಕಾಗಿ ಉತ್ಪಾದನೆ ಹೆಚ್ಚಿಸಬೇಕು, ಗಂಡಸರು ನೂರಕ್ಕೆ ನೂರು ಜಾಸ್ತಿ, ಹೆಂಗಸರು ನೂರಕ್ಕೆ ಐವತ್ತು ಜಾಸ್ತಿ ಅಂತ ಘೋಷಣೆ. ನಾನಾಗಿದ್ದರೆ ಸದ್ಯ ಐವತ್ತಕ್ಕೇ ಬಿಟ್ಟರಲ್ಲ ಅಂತ ಉಸಿರು ಬಿಡುತ್ತಿದ್ದೆ. ಈ ಹುಡುಗಿಯರಿಗೆ ಅವಮಾನ ಆಗುತ್ತದೆ! ಗಂಡಸರ ಅರ್ಧ ಮಾತ್ರವೇ ನಾವು ಅಂತ ಮುಖ ಚಿಕ್ಕದು ಮಾಡಿಕೊಳ್ಳುತ್ತಾರೆ. ಅವರ ಲೀಡರ್ ತ್ಸುರು ವತನಬೆ ಮೇಲಿನವರ ಹತ್ತಿರ ಹೋಗಿ, ಗಂಡಸರ ಮೂರನೇ ಎರಡು ಪಾಲಿನಷ್ಟಾದರೂ ನಮಗೆ ಕೊಡಿ ಅಂತ ಕೇಳಿ ಮಂಜೂರು ಮಾಡಿಸಿಕೊಂಡು ಬರುತ್ತಾಳೆ. ಹುಡುಗಿಯರು ಕುಣಿದಾಡುತ್ತಾರೆ.

"ಏನೇ ಇದು, ಇವರಿಗೆ ತಲೆ ಕೆಟ್ಟಿದೆಯಾ?" ಅಂದಳು ಗೆಳತಿ.

ನಮ್ಮ ಕಾಲದಲ್ಲಿ ಟೈಮ್ ಸ್ಟಡಿಯವರು, ಅಂದರೆ ಒಂದು ಪೀಸಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯುವವರು, ಬರುತ್ತಿದ್ದರು. ಕೈಯಲ್ಲಿ ಸ್ಟಾಪ್‌ವಾಚ್, ಒಂದು ರಟ್ಟು, ಅದಕ್ಕೆ ಕ್ಲಿಪ್ ಹಾಕಿದ ಹಾಳೆ. ಹಿಂದೆ ಬಂದು ನಿಂತರು ಅಂದರೆ ಇಡೀ ಲೈನಿನ ಕೈ ತಾನಾಗಿ ನಿಧಾನವಾಗುತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ. ಚಿಮಟ ಒರೆಸುವುದು, ಮತ್ತೆ ಒರೆಸುವುದು, ಐ ಗ್ಲಾಸ್ ತೆಗೆದು ಊದುವುದು. ಒಮ್ಮೆ ಟೈಮ್ ಬರೆದುಕೊಂಡು ಹೋದರೆ ಮುಗಿಯಿತು, ಅದೇ ನಾಳೆಯ ಲೆಕ್ಕ. ಎಲ್ಲ ಕಾರ್ಖಾನೆಗಳ ಕೆಲಸಗಾರರಿಗೂ ಇದು ಗೊತ್ತು. ಬೆಂಗಳೂರಿನ ಪಬ್ಲಿಕ್ ಸೆಕ್ಟರ್ ಕಾರ್ಖಾನೆಗಳವರು 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ಮಾಡಿದ್ದರಲ್ಲ, ಆ ಊರಿನಲ್ಲಿ ಬೆಳೆದವರಿಗೆ ಈ ಸಿನಿಮಾದ ಮೊದಲ ಅರ್ಧ ಗಂಟೆ ನುಂಗುವುದು ಕಷ್ಟ.

ಹಾಗಂತ ಆಫ್ ಮಾಡಲಿಲ್ಲ. ಯಾಕೆಂದರೆ ಪ್ರಚಾರದ ಸಿನಿಮಾ ಅಂತ ಗೊತ್ತಿದ್ದೇ ಕೂತಿದ್ದೆವು. ಜಪಾನಿನ ನೌಕಾದಳದವರು ಮೊದಲು ಕುರೊಸಾವಾನನ್ನು ಕೇಳಿದ್ದು ಜೀರೋ ಯುದ್ಧವಿಮಾನಗಳ ಮೇಲೆ ಒಂದು ಸಾಹಸದ ಸಿನಿಮಾ. ಯುದ್ಧದಲ್ಲಿ ಸೋಲುತ್ತಿದ್ದ ಕಾಲ, ಶೂಟಿಂಗಿಗೆ ಕೊಡಲು ವಿಮಾನ ಎಲ್ಲಿತ್ತು? ಅದು ಬಿದ್ದುಹೋಯಿತು. ಅದರ ಬದಲು ಕಾರ್ಖಾನೆಗೆ ಹೊರಟ ಹುಡುಗಿಯರ ಕಥೆ ಬಂತು. ಆಗ ಜಪಾನಿನಲ್ಲಿ ಮದುವೆಯಾಗದ ಹೆಣ್ಣುಮಕ್ಕಳನ್ನು 'ಸ್ವಯಂಸೇವಾ ದಳ' ಅಂತ ಕಾರ್ಖಾನೆಗಳಿಗೆ ಸೇರಿಸುತ್ತಿದ್ದರು. ಹೆಸರಿಗೆ ಸ್ವಯಂಸೇವೆ. ಸಿನಿಮಾ ಏಪ್ರಿಲ್‌ನಲ್ಲಿ ತೆರೆಗೆ ಬಂತು, ಆಗಸ್ಟ್‌ನಲ್ಲಿ ಅದು ಕಾನೂನೇ ಆಯಿತು.

ಕಥೆ ಅಂತ ದೊಡ್ಡದೇನಿಲ್ಲ. ಹಾಸ್ಟೆಲ್, ಕಾರ್ಖಾನೆ, ಮತ್ತೆ ಹಾಸ್ಟೆಲ್. ಬೆಳಿಗ್ಗೆ ಎದ್ದು ಪ್ರತಿಜ್ಞೆ ಹೇಳುತ್ತಾರೆ. ಕೊಳಲು, ಡ್ರಮ್ಮು ಬಾರಿಸುತ್ತಾ ಮೆರವಣಿಗೆಯಲ್ಲಿ ಕೆಲಸಕ್ಕೆ ಹೋಗುತ್ತಾರೆ. ಒಬ್ಬಳಿಗೆ ಕಾಯಿಲೆಯಾಗುತ್ತದೆ, ಅಪ್ಪ ಬಂದು ಊರಿಗೆ ಕರೆದುಕೊಂಡು ಹೋಗುತ್ತಾನೆ, ಅವಳು ಹೋಗಲ್ಲ ಅಂತ ಅಳುತ್ತಾಳೆ. ಇನ್ನೊಬ್ಬಳು ಮಹಡಿಯಿಂದ ಬಿದ್ದು ಕಾಲು ಮುರಿದುಕೊಳ್ಳುತ್ತಾಳೆ. ಮತ್ತೊಬ್ಬಳಿಗೆ ದಿನಾ ಜ್ವರ, ಊರಿಗೆ ಕಳಿಸಿಬಿಡುತ್ತಾರೆ ಅನ್ನುವ ಭಯಕ್ಕೆ ಮುಚ್ಚಿಡುತ್ತಾಳೆ. ಈ ಒಂದೊಂದು ಸಂಗತಿಗೂ ಉತ್ಪಾದನೆಯ ಗ್ರಾಫ್ ಇಳಿಯುತ್ತದೆ. ಕಾಲು ಮುರಿದವಳು ಊರುಗೋಲು ಹಿಡಿದು ವಾಪಸ್ ಬಂದರೆ ಏರುತ್ತದೆ. ವಾಲಿಬಾಲ್ ಆಡಿಸಿದರೆ ಏರುತ್ತದೆ. ಜಗಳವಾದರೆ ಇಳಿಯುತ್ತದೆ. ನನಗಂತೂ ಈ ಸಿನಿಮಾದ ಹೀರೋ ಆ ಗ್ರಾಫೇ ಅನ್ನಿಸಿತು. ಅದು ಕುರೊಸಾವಾನ ಜಾಣತನವೋ ಮೇಲಿನವರ ಆಜ್ಞೆಯೋ ಏನೇ ಇರಲಿ, ಕಾರ್ಖಾನೆಯಲ್ಲಿ ಕೆಲಸ ಮಾಡಿದವರಿಗೆ ಅದು ನಿಜ ಅಂತ ಗೊತ್ತು. ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದದ್ದು ಯಾರಿಗೂ ಕಾಣುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಹತ್ತು ಪೀಸ್ ಕಡಿಮೆಯಾದದ್ದು ಎಲ್ಲರಿಗೂ ಕಾಣುತ್ತದೆ.

ಈಗ ಲೆನ್ಸಿನ ರಾತ್ರಿಗೆ ಬರುತ್ತೇನೆ. ಈ ಪೋಸ್ಟ್ ಬರೆಯಲು ಕೂತದ್ದೇ ಅದಕ್ಕೆ.

ಹುಡುಗಿಯರ ನಡುವೆ ಜಗಳವಾಗುತ್ತದೆ. ಲೀಡರ್ ಕೆಲವರಿಗೆ ಪಕ್ಷಪಾತ ಮಾಡುತ್ತಾಳೆ ಅಂತ ಮಾತು. ಆ ಗಲಿಬಿಲಿಯಲ್ಲಿ ವತನಬೆ ಇನ್ನೂ ಸರಿ ಮಾಡದ ಒಂದು ಲೆನ್ಸನ್ನು, ಸರಿ ಮಾಡಿ ಮುಗಿಸಿದ ಲೆನ್ಸುಗಳ ಜೊತೆ ಇಟ್ಟುಬಿಡುತ್ತಾಳೆ. ಗೊತ್ತಾಗುವುದು ಆಮೇಲೆ. ಆ ಲೆನ್ಸ್ ಹಾಗೇ ಹೋದರೆ ಯಾವನೋ ಸೈನಿಕನ ಗುರಿ ತಪ್ಪುತ್ತದೆ, ಅವನ ಜೀವ ಹೋಗುತ್ತದೆ. ಎಲ್ಲರೂ ಹೊರಟ ಮೇಲೆ ಇವಳೊಬ್ಬಳೇ ಕೂತು, ಮುಗಿದ ರಾಶಿಯನ್ನೆಲ್ಲ ಒಂದೊಂದಾಗಿ ಮತ್ತೆ ಮೈಕ್ರೋಸ್ಕೋಪಿಗೆ ಹಾಕಿ ನೋಡುತ್ತಾಳೆ. ರಾತ್ರಿಯಿಡೀ. ಕಣ್ಣು ಮುಚ್ಚಿಹೋಗುತ್ತದೆ. ನಿದ್ದೆ ಬಾರದಿರಲಿ ಅಂತ ಹಾಡು ಹೇಳಿಕೊಳ್ಳುತ್ತಾಳೆ. ಮತ್ತೆ ಬಗ್ಗುತ್ತಾಳೆ.

ಅಲ್ಲಿಯವರೆಗೆ ಗೊಣಗುತ್ತಿದ್ದ ಗೆಳತಿ ಸುಮ್ಮನಾದಳು. ನಮ್ಮಿಬ್ಬರಿಗೂ ಒಬ್ಬಳೇ ನೆನಪಾಗಿದ್ದಳು.

ನಮ್ಮ ಲೈನಿನಲ್ಲೊಬ್ಬಳು ಎಣ್ಣೆ ಹಾಕುವ ಕೆಲಸದಲ್ಲಿದ್ದಳು. ಸೂಜಿಯಂಥ ಕಡ್ಡಿಯ ತುದಿಯಲ್ಲಿ ಎಣ್ಣೆ ತೆಗೆದುಕೊಂಡು, ಗಾಲಿಯ ಮೊನೆ ಕೂರುವ ಕಲ್ಲಿಗೆ ಮುಟ್ಟಿಸಬೇಕು. ಜಾಸ್ತಿಯಾದರೆ ಹರಡುತ್ತದೆ, ಕಡಿಮೆಯಾದರೆ ಸವೆಯುತ್ತದೆ, ಹಾಕದೇ ಇದ್ದರೆ ಇವತ್ತಿಗೆ ಗಡಿಯಾರ ಓಡುತ್ತದೆ, ಕೆಲವು ವರ್ಷಕ್ಕೆ ನಿಲ್ಲುತ್ತದೆ. ಒಂದು ಮಧ್ಯಾಹ್ನ ಅವಳ ಮನೆಯಿಂದ ಫೋನ್ ಬಂತು ಅಂತ ಎದ್ದು ಹೋದಳು. ವಾಪಸ್ ಬಂದು ಕೂತು, ಮುಂದಿನ ಪೀಸ್ ತೆಗೆದುಕೊಂಡಳು. ಊಟದ ಡಬ್ಬಿ ತೊಳೆಯುವ ಹೊತ್ತಿಗೆ ಅವಳಿಗೆ ಅನುಮಾನ ಬಂತು. ಎದ್ದು ಹೋಗುವಾಗ ಕೈಯಲ್ಲಿದ್ದ ಪೀಸಿಗೆ ಎಣ್ಣೆ ಹಾಕಿದ್ದೆನೋ ಇಲ್ಲವೋ? ಟ್ರೇ ಆಗಲೇ ಮುಂದಕ್ಕೆ ಹೋಗಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳೇ ಹೋಗಿ ಸೂಪರ್‌ವೈಸರ್‌ಗೆ ಹೇಳಿ ಟ್ರೇ ವಾಪಸ್ ತರಿಸಿಕೊಂಡು, ಶಿಫ್ಟ್ ಮುಗಿದ ಮೇಲೆ ಕೂತಳು. ಬಸ್ ಹೊರಟುಹೋಗುತ್ತದೆ ಬಾರೇ ಅಂದರೆ ತಲೆ ಎತ್ತಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅವಳು ಅದನ್ನು ದೇಶಕ್ಕಾಗಿ ಮಾಡಲಿಲ್ಲ. ಕಂಪನಿಗಾಗಿಯೂ ಅಲ್ಲ, ಮ್ಯಾನೇಜ್‌ಮೆಂಟ್ ಅಂದರೆ ಅವಳಿಗೆ ಆಗುತ್ತಲೇ ಇರಲಿಲ್ಲ. ಯೂನಿಯನ್ ಚುನಾವಣೆಯಲ್ಲಿ ನಮ್ಮೆಲ್ಲರಿಗಿಂತ ಜೋರಾಗಿ ಓಡಾಡುತ್ತಿದ್ದವಳು ಅವಳೇ. ಕೈ ಕೆಲಸದ ಮರ್ಯಾದೆ ಬೇರೆ, ಟಾರ್ಗೆಟ್ ಬೇರೆ. ಕುರೊಸಾವಾನ ಸಿನಿಮಾ ಇವೆರಡನ್ನೂ ಒಂದೇ ಗಂಟು ಹಾಕಿ ಮಾರುತ್ತದೆ. ಲೆನ್ಸ್ ಹುಡುಕುವ ಹುಡುಗಿಯನ್ನು ನೋಡಿ ನಮ್ಮ ಗಂಟಲು ಕಟ್ಟುತ್ತದೆ, ಆ ಹೊತ್ತಿನಲ್ಲೇ ಮೂರನೇ ಎರಡು ಪಾಲನ್ನೂ ನಾವು ಒಪ್ಪಿಕೊಂಡಂತೆ ಆಗುತ್ತದೆ. ಅಲ್ಲಿ ಹುಷಾರಾಗಿರಬೇಕು. ಪ್ರಚಾರದ ಸಿನಿಮಾ ಕೆಟ್ಟದಾಗಿದ್ದರೆ ಚಿಂತೆಯಿಲ್ಲ, ಚೆನ್ನಾಗಿದ್ದರೇ ಕಷ್ಟ.

ಚೆನ್ನಾಗಿ ಬಂದಿರುವುದಕ್ಕೆ ಕಾರಣವಿದೆ. ನಟಿಯರನ್ನು ಕುರೊಸಾವಾ ಸೀದಾ ಹಿರಾತ್ಸುಕ ಊರಿನ ನಿಪ್ಪಾನ್ ಕೊಗಾಕು ಕಾರ್ಖಾನೆಯ ಹಾಸ್ಟೆಲಿಗೆ ಸೇರಿಸಿಬಿಟ್ಟ. ಇವತ್ತಿನ ನಿಕಾನ್ ಕಂಪನಿ ಅದೇ. ಮದುವೆ ಮನೆಯಲ್ಲಿ ಫೋಟೋಗ್ರಾಫರ್ ಕುತ್ತಿಗೆಗೆ ನೇತುಹಾಕಿಕೊಂಡಿರುತ್ತಾನಲ್ಲ, ಆ ನಿಕಾನ್. ಮೇಕಪ್ ಬೇಡ, ನಟಿಯರ ಒಯ್ಯಾರ ಬೇಡ, ಕಾರ್ಖಾನೆ ಹುಡುಗಿಯರಾಗಿ ಅಂದ. ಓಡಿಸಿದ, ವಾಲಿಬಾಲ್ ಆಡಿಸಿದ, ಬ್ಯಾಂಡ್ ಕಲಿಸಿ ಬೀದಿಯಲ್ಲಿ ಮೆರವಣಿಗೆ ಮಾಡಿಸಿದ. ಒಬ್ಬರನ್ನೊಬ್ಬರು ಪಾತ್ರದ ಹೆಸರಿನಲ್ಲೇ ಕರೆಯಬೇಕಿತ್ತು. ಊಟವೂ ಯುದ್ಧಕಾಲದ ಹಾಸ್ಟೆಲ್ ಊಟವೇ. ಪಾಪ, ಆ ಹುಡುಗಿಯರಿಗೆ ಸಿಟ್ಟು ಬರದೇ ಇರುತ್ತದಾ? ಅವರ ಪರವಾಗಿ ಡೈರೆಕ್ಟರ್ ಜೊತೆ ವಾದಕ್ಕೆ ಬರುತ್ತಿದ್ದವಳು ವತನಬೆ ಪಾತ್ರ ಮಾಡಿದ ಯೊಕೊ ಯಾಗುಚಿ. ತೆರೆಯ ಮೇಲೆ ಮೇಲಿನವರ ಹತ್ತಿರ ಟಾರ್ಗೆಟ್ ಜಾಸ್ತಿ ಕೇಳುವ ಲೀಡರ್, ತೆರೆಯ ಹಿಂದೆ ಕಷ್ಟ ಕಡಿಮೆ ಮಾಡಿ ಅಂತ ಜಗಳ ಆಡುವ ಲೀಡರ್. ತೆರೆಯ ಹಿಂದಿನ ಈ ಕಥೆಯನ್ನೇ ಸಿನಿಮಾ ತೆಗೆದಿದ್ದರೆ ನಾನು ಎರಡು ಸಲ ನೋಡುತ್ತಿದ್ದೆ.

1945ರಲ್ಲಿ ಯಾಗುಚಿ ಅದೇ ಕುರೊಸಾವಾನನ್ನು ಮದುವೆಯಾದಳು. ನಟನೆ ಬಿಟ್ಟಳು. ಅವಳಷ್ಟೇ ಅಲ್ಲ, ಈ ಸಿನಿಮಾ ಮುಗಿದ ಮೇಲೆ ಆ ಹುಡುಗಿಯರಲ್ಲಿ ಹೆಚ್ಚಿನವರು ನಟನೆಯನ್ನೇ ಬಿಟ್ಟು ಮದುವೆಯಾದರು ಅಂತ ಕುರೊಸಾವಾನೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಇದು ದೊಡ್ಡ ಸಿನಿಮಾ ಅಲ್ಲ, ಆದರೆ ನನಗೆ ತುಂಬಾ ಪ್ರೀತಿಯದು ಅಂತಲೂ ಹೇಳಿದ್ದಾನೆ. ಆಗದೇ ಇರುತ್ತದಾ, ಹೆಂಡತಿ ಸಿಕ್ಕಿದ್ದು ಅಲ್ಲೇ ತಾನೇ.

ಬೆಳಗಿನ ಪ್ರತಿಜ್ಞೆಯ ವಿಷಯಕ್ಕೆ ಮತ್ತೆ ಬರಬೇಕು. ಅಮೆರಿಕ, ಬ್ರಿಟನ್ನುಗಳನ್ನು ನಾಶ ಮಾಡುವುದಕ್ಕೆ ದುಡಿಯುತ್ತೇವೆ ಅಂತ ಆ ಮುದ್ದು ಮುಖದ ಹುಡುಗಿಯರು ಒಂದೇ ದನಿಯಲ್ಲಿ ಹೇಳುವಾಗ ನನಗೆ ನೆನಪಾದದ್ದು ನಮ್ಮ ಮಾವನವರು. ಅವರು ಆ ಕಾಲದಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟಿನಲ್ಲಿ ಫಿಟ್ಟರ್ ಆಗಿದ್ದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರ ಕೊನೆಯಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ. 1943ರಲ್ಲಿ ಅದನ್ನು ಅಮೆರಿಕದ ಸೇನೆಯ ಕೈಗೆ ಕೊಟ್ಟರು. ಜಪಾನಿನ ವಿರುದ್ಧ ಹಾರುತ್ತಿದ್ದ ವಿಮಾನಗಳು ರಿಪೇರಿಗೆ ಬರುತ್ತಿದ್ದದ್ದು ಇಲ್ಲಿಗೆ. ಅಂದರೆ ಹಿರಾತ್ಸುಕದಲ್ಲಿ ವತನಬೆಯಂಥವರು ಲೆನ್ಸ್ ಉಜ್ಜುತ್ತಿದ್ದಾಗ, ಆ ಲೆನ್ಸಿನಲ್ಲಿ ಕಾಣಬೇಕಾದ ವಿಮಾನಕ್ಕೆ ನಮ್ಮ ಮಾವನವರು ರಿವೆಟ್ ಹೊಡೆಯುತ್ತಿದ್ದರು. ಅವರು ಯುದ್ಧದ ಬಗ್ಗೆ ಹೇಳುತ್ತಿದ್ದದ್ದು ಎರಡೇ ಮಾತು. ಅಮೆರಿಕನ್ನರು ಟೂಲ್ಸ್ ಒಳ್ಳೆಯದು ತಂದಿದ್ದರು, ಮತ್ತೆ ಅಕ್ಕಿಗೆ ರೇಷನ್ ಇತ್ತು. ಪ್ರತಿಜ್ಞೆ ಗಿತಿಜ್ಞೆ ಏನೂ ಇರಲಿಲ್ಲವಾ ಅಂತ ಈಗ ಕೇಳೋಣ ಅಂದರೆ ಅವರಿಲ್ಲ. ಹಿರಾತ್ಸುಕದ ಮೇಲೆ 1945ರ ಜುಲೈ 16ರ ರಾತ್ರಿ ಅಮೆರಿಕದ ಬಿ-29 ಬಾಂಬರ್ ವಿಮಾನಗಳು ಬೆಂಕಿ ಸುರಿದವು.

ಎದುರು ಪಕ್ಷದವರೂ ಇಂಥದ್ದೇ ಸಿನಿಮಾ ಮಾಡಿದ್ದಾರೆ. ಬ್ರಿಟನ್ನಿನ 'ಮಿಲಿಯನ್ಸ್ ಲೈಕ್ ಅಸ್', 1943. ಫ್ರಾಂಕ್ ಲಾಂಡರ್, ಸಿಡ್ನಿ ಗಿಲಿಯಟ್ ಇಬ್ಬರೂ ಸೇರಿ ತೆಗೆದದ್ದು. ಇದನ್ನು ನಾನೊಬ್ಬಳೇ ನೋಡಿದ್ದೆ. ಅಲ್ಲಿ 1941ರ ಡಿಸೆಂಬರಿನಲ್ಲೇ ಕಾನೂನು ಬಂದಿತ್ತು, 20ರಿಂದ 30 ವರ್ಷದ ಮದುವೆಯಾಗದ ಹೆಂಗಸರನ್ನೂ ಯುದ್ಧದ ಕೆಲಸಕ್ಕೆ ಕರೆಯಬಹುದು ಅಂತ. ಸೀಲಿಯಾ ಅನ್ನುವ ಹುಡುಗಿಗೆ ವಾಯುಪಡೆಯ ಯೂನಿಫಾರ್ಮ್ ಹಾಕಿಕೊಳ್ಳುವ ಆಸೆ. ಆಫೀಸಿನಾಕೆ ಅವಳನ್ನು ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗೆ ತಳ್ಳುತ್ತಾಳೆ. ಸೀಲಿಯಾ ಮುಖ ಬಾಡುತ್ತದೆ. ಆ ಬಾಡಿದ ಮುಖ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಕಾರ್ಖಾನೆಗೆ ಹೋಗಲು ಇಷ್ಟವಿಲ್ಲ ಅನ್ನುವ ಹುಡುಗಿಯನ್ನು ಸರ್ಕಾರದ ಪ್ರಚಾರದ ಸಿನಿಮಾದಲ್ಲೇ ತೋರಿಸಬಹುದು ಅಂತಾಯಿತು. ಅಲ್ಲಿ ಶ್ರೀಮಂತರ ಮನೆಯ ಹುಡುಗಿಯೊಬ್ಬಳು ಮೆಷಿನ್ ಮುಂದೆ ನಿಂತು ಮೂಗು ಮುರಿಯುತ್ತಾಳೆ. ಡ್ಯಾನ್ಸ್ ಇದೆ, ಪ್ರೀತಿ ಇದೆ. ಸೀಲಿಯಾ ಮದುವೆಯಾದ ಹುಡುಗ ವಿಮಾನದಲ್ಲಿ ಹೋದವನು ಮತ್ತೆ ಬರುವುದಿಲ್ಲ. ಆದರೂ ಅವಳು ಕ್ಯಾಂಟೀನಿನಲ್ಲಿ ಎಲ್ಲರ ಜೊತೆ ಹಾಡುತ್ತಾಳೆ.

ಅದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಫೋರ್‌ಮನ್ ಚಾರ್ಲಿ. ಆ ಶ್ರೀಮಂತರ ಹುಡುಗಿಗೆ ಅವನ ಮೇಲೆ ಮನಸ್ಸಾಗುತ್ತದೆ. ಅವನಿಗೂ ಮನಸ್ಸಿದೆ. ಆದರೆ ಮದುವೆ ಈಗಲೇ ಬೇಡ ಅನ್ನುತ್ತಾನೆ. ಈಗ ಯುದ್ಧ ಅಂತ ನೀನೂ ನಾನೂ ಒಂದೇ ಮೆಷಿನ್ ಮುಂದೆ ನಿಂತಿದ್ದೇವೆ, ಯುದ್ಧ ಮುಗಿದ ಮೇಲೂ ಹೀಗೇ ಇರುತ್ತೇವೋ ಹಳೆಯ ಕಾಲಕ್ಕೇ ಜಾರುತ್ತೇವೋ, ಅದು ಗೊತ್ತಾಗಲಿ ಅನ್ನುವುದು ಅವನ ಮಾತು. ಕುರೊಸಾವಾನ ಕಾರ್ಖಾನೆಯಲ್ಲಿ ಈ ಪ್ರಶ್ನೆ ಕೇಳುವವರು ಯಾರೂ ಇಲ್ಲ. ಯುದ್ಧ ಮುಗಿದ ಮೇಲೆ ಅನ್ನುವ ಕಾಲವೇ ಅಲ್ಲಿಲ್ಲ.

ಕುರೊಸಾವಾನದ್ದರ ಕೊನೆ ಹೇಳಿಬಿಡುತ್ತೇನೆ, ಸಸ್ಪೆನ್ಸ್ ಏನೂ ಅಲ್ಲ. ವತನಬೆಯ ತಾಯಿ ಊರಿನಲ್ಲಿ ತೀರಿಕೊಳ್ಳುತ್ತಾಳೆ. ಊರಿಗೆ ಹೋಗಿ ಬಾ ಅಂತ ಮೇಲಿನವರೇ ಹೇಳುತ್ತಾರೆ. ಇವಳು ಹೋಗುವುದಿಲ್ಲ. ಮೈಕ್ರೋಸ್ಕೋಪಿನ ಮುಂದೆ ಹೋಗಿ ಕೂರುತ್ತಾಳೆ. ಕೆಲಸ ಮಾಡುತ್ತಾಳೆ, ಕಣ್ಣೀರು ಬರುತ್ತದೆ, ಒರೆಸಿಕೊಳ್ಳುತ್ತಾಳೆ, ಮತ್ತೆ ಬಗ್ಗುತ್ತಾಳೆ. ಸೆನ್ಸಾರ್‌ನವರು ಇದನ್ನು ತ್ಯಾಗ ಅಂತ ಪಾಸ್ ಮಾಡಿರಬೇಕು. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕಣ್ಣಲ್ಲಿ ನೀರಿದ್ದರೆ ಮೈಕ್ರೋಸ್ಕೋಪಿನಲ್ಲಿ ಗೆರೆ ಕಾಣುವುದಿಲ್ಲ, ಎಲ್ಲ ಕದಡುತ್ತದೆ. ಆ ಹೊತ್ತಿನಲ್ಲಿ ಅವಳು ನೋಡಿದ ಒಂದು ಲೆನ್ಸನ್ನೂ ಪಾಸ್ ಮಾಡುವ ಹಾಗಿಲ್ಲ. ಮುಂಚೆ ಒಂದು ಲೆನ್ಸಿಗಾಗಿ ರಾತ್ರಿಯಿಡೀ ಕೂತವಳಿಗೆ ಇದು ಗೊತ್ತಿರುವುದಿಲ್ಲವಾ? ಕುರೊಸಾವಾಗೆ ಗೊತ್ತಿತ್ತು ಅಂತಲೇ ನನ್ನ ಅನುಮಾನ. ಇಲ್ಲದಿದ್ದರೆ ಕ್ಯಾಮೆರಾವನ್ನು ಅವಳ ಮುಖದ ಮೇಲೆ ಅಷ್ಟು ಹೊತ್ತು ಇಡುತ್ತಿರಲಿಲ್ಲ.

ಟಿವಿ ಆಫ್ ಮಾಡಿ ಕಾಫಿಗೆ ಹಾಲು ಇಟ್ಟೆ. ಗೆಳತಿ ಇನ್ನೂ ಲೆಕ್ಕದಲ್ಲೇ ಇದ್ದಳು.

"ಅಲ್ವೇ, ಅಷ್ಟು ಜಾಸ್ತಿ ಪೀಸ್ ಮಾಡಿದರಲ್ಲ, ಇನ್ಸೆಂಟಿವ್ ಎಷ್ಟು ಕೊಟ್ಟರು? ಸಂಬಳದ ಮಾತೇ ಬರಲಿಲ್ಲವಲ್ಲ."

"ಬರಲಿಲ್ಲ ಕಣೇ. ಇಂಗ್ಲಿಷಿನವರದ್ದು ಇನ್ನೊಂದಿದೆ, ಭಾನುವಾರ ಹಾಕ್ತೀನಿ."

"ಅದರಲ್ಲಾದರೂ ಸಂಬಳ ಇದೆಯಾ?"

ಇದೆ, ಆದರೆ ಗಂಡಸರಷ್ಟಲ್ಲ ಅಂದೆ. ಆ ಸಿನಿಮಾ ಬಂದ 1943ರಲ್ಲೇ ಗ್ಲಾಸ್ಗೊ ಹತ್ತಿರದ ಹಿಲಿಂಗ್ಟನ್‌ನಲ್ಲಿ ರೋಲ್ಸ್ ರಾಯ್ಸ್ ಕಾರ್ಖಾನೆಯ ಹೆಂಗಸರು, ಗಂಡಸರ ಕೆಲಸ ಮಾಡುತ್ತೇವೆ, ಗಂಡಸರ ಸಂಬಳ ಕೊಡಿ ಅಂತ ಮುಷ್ಕರ ಹೂಡಿದ್ದನ್ನೂ ಹೇಳಿದೆ. ನಡು ಯುದ್ಧದಲ್ಲಿ, ವಿಮಾನದ ಎಂಜಿನ್ ಮಾಡುವ ಕಾರ್ಖಾನೆಯಲ್ಲಿ, ಮೆಷಿನ್ ಬಿಟ್ಟು ಹೊರಗೆ ಬಂದಿದ್ದರು.

"ಹಾಗಾದರೆ ಅವರ ಸಿನಿಮಾ ಇದ್ದರೆ ಹಾಕು," ಅಂದಳು.